ಪುಸ್ತಕದ ಚಿತ್ರಕ್ಕೆ ಹೊಂದದ ರಕ್ತನಾಳಗಳು: ನನ್ನ ಅನುಭವ

ಪತ್ರಿಕೆ ಓದಲು ಕುಳಿತ ಆ ಹಿರಿಯರಿಗೆ ಪ್ರತಿ ಸಾಲಿನ ಬಲತುದಿ ಕಾಣಿಸಲಿಲ್ಲ. ಕನ್ನಡಕ ಒರೆಸಿಕೊಂಡರು, ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಎರಡರಲ್ಲೂ ಅದೇ ಕೊರತೆ. ಮಿದುಳಿನ ಎಡ ಹಿಂಭಾಗದಲ್ಲಿ, ದೃಷ್ಟಿಯ ಕೇಂದ್ರವಿರುವಲ್ಲಿ, ರಕ್ತ ಸಿಗದೆ ಒಂದಷ್ಟು ಭಾಗ ಸತ್ತಿತ್ತು, ಅಂದರೆ ಪಾರ್ಶ್ವವಾಯು. ರೇಡಿಯಾಲಜಿಸ್ಟ್ ಆದ ನಾನು ರಕ್ತನಾಳಗಳ ಚಿತ್ರವಾದ ಆಂಜಿಯೋಗ್ರಾಂ ನೋಡಿ ವರದಿ ಬರೆಯಬೇಕಿತ್ತು.

ಆ ಭಾಗಕ್ಕೆ ರಕ್ತ ಹರಿಯುವುದು ಕತ್ತಿನ ಹಿಂಬದಿಯಿಂದ ಏರುವ ವರ್ಟಿಬ್ರಲ್ ಅಪಧಮನಿಗಳಿಂದ, ಅವೆರಡೂ ಕೂಡಿ ಆಗುವ ಬೇಸಿಲಾರ್‌ನಿಂದ ಎಂದು ಕಲಿತಿದ್ದೆ. ಮೂರೂ ಚೆನ್ನಾಗಿದ್ದವು. ಕತ್ತಿನ ಮುಂಬದಿಯಿಂದ ಮಿದುಳಿಗೆ ಏರುವ ಎಡ ಕೆರೋಟಿಡ್ ಅಪಧಮನಿ ಕೊಬ್ಬುಗಟ್ಟಿ ಬಹಳ ಕಿರಿದಾಗಿತ್ತು. ಅದಕ್ಕೂ ಈ ತೊಂದರೆಗೂ ಸಂಬಂಧವಿಲ್ಲವೆಂದು ಬರೆದು ಸಹಿ ಹಾಕಿದೆ. ನಾಳ ಕಟ್ಟಿದ ರಕ್ತದ ಹೆಪ್ಪು ಹೃದಯದಿಂದ ಬಂದಿರಬೇಕೆಂದು ವೈದ್ಯರು ಅತ್ತ ಹುಡುಕತೊಡಗಿದರು.

ಬರೆದ ಮಾತು ರಾತ್ರಿಯೆಲ್ಲ ಕೊರೆಯಿತು. ಮರುದಿನ ಚಿತ್ರಗಳನ್ನು ಮತ್ತೆ ತೆರೆದೆ. ಈ ಸಲ ಬೇಸಿಲಾರ್‌ನಿಂದ ಮೇಲಕ್ಕೆ ಹೋಗಲಿಲ್ಲ. ಸತ್ತ ಭಾಗದಿಂದಲೇ ನಾಳವನ್ನು ಹಿಡಿದು ಹಿಂದಕ್ಕೆ ಬಂದೆ. ಅದು ಬೇಸಿಲಾರನ್ನು ಮುಟ್ಟಲೇ ಇಲ್ಲ, ನೇರವಾಗಿ ಎಡ ಕೆರೋಟಿಡ್‌ಗೆ ಸೇರಿತು! ಭ್ರೂಣದಲ್ಲಿ ಮಿದುಳಿನ ಹಿಂಭಾಗಕ್ಕೂ ಕೆರೋಟಿಡ್‌ನಿಂದಲೇ ರಕ್ತ ಬರುತ್ತದೆ. ಬೆಳೆಯುತ್ತ ಆ ಹೊಣೆ ಬೇಸಿಲಾರ್‌ಗೆ ದಾಟುತ್ತದೆ. ಕೆಲವರಲ್ಲಿ ದಾಟುವುದೇ ಇಲ್ಲ. ಇದಕ್ಕೆ ಭ್ರೂಣ ಮಾದರಿಯ ಪೋಸ್ಟೀರಿಯರ್ ಸೆರೆಬ್ರಲ್ ಅಪಧಮನಿ ಎನ್ನುತ್ತಾರೆ. ಸಂಬಂಧವಿಲ್ಲವೆಂದು ನಾನು ತಳ್ಳಿಹಾಕಿದ ಕೆರೋಟಿಡ್ಡೇ ಮೂಲವಾಗಿತ್ತು. ಪಾರ್ಶ್ವವಾಯು ತಂದ ಕೆರೋಟಿಡ್‌ಗೆ ಶಸ್ತ್ರಚಿಕಿತ್ಸೆಯ ಲಾಭ ಮೊದಲ 2 ವಾರಗಳಲ್ಲಿ ಹೆಚ್ಚು. ಅದರಲ್ಲಿ ಒಂದು ದಿನವನ್ನು ನಾನು ಕಳೆದಿದ್ದೆ. ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿ, ತಿದ್ದಿದ ವರದಿ ಕಳುಹಿಸಿದೆ.

ಥಾಮಸ್ ವಿಲಿಸ್ 1664ರಲ್ಲಿ ವಿವರಿಸಿದ ಮಿದುಳಿನ ಬುಡದಲ್ಲಿ ಈ ಅಪಧಮನಿಗಳು ಒಂದಕ್ಕೊಂದು ಕೂಡುವ ವರ್ತುಲ ಪುಸ್ತಕಗಳಲ್ಲಿ ತುಂಬು ಉಂಗುರದಂತಿರುತ್ತದೆ. ಅನೇಕ ಅಧ್ಯಯನಗಳಲ್ಲಿ ಅಷ್ಟು ಪೂರ್ಣವಾದ ಉಂಗುರ ಅರ್ಧದಷ್ಟು ಜನರಲ್ಲೂ ಸಿಕ್ಕಿಲ್ಲ. ಅಂದಿನಿಂದ ನಾನು ಮೊದಲು ಉಂಗುರದ ಒಂದೊಂದು ಕೊಂಡಿಯನ್ನೂ ನೋಡಿ, ಇದೆಯೇ, ಸಣ್ಣದೇ, ಇಲ್ಲವೇ ಎಂದು ಬರೆದುಕೊಳ್ಳುತ್ತೇನೆ. ರೋಗದ ಹುಡುಕಾಟ ಆಮೇಲೆ.

ಒಂದು ವರ್ಟಿಬ್ರಲ್ ಎಳೆಯಷ್ಟು ತೆಳ್ಳಗಿದ್ದರೆ ಹುಟ್ಟಿನಿಂದಲೇ ಹಾಗೋ, ಮುಚ್ಚಿಕೊಳ್ಳುತ್ತಿದೆಯೋ ಎಂಬ ಪ್ರಶ್ನೆ ಬರುತ್ತದೆ. ಆಗ ನಾನು ನಾಳವನ್ನು ಬಿಟ್ಟು ಮೂಳೆಯನ್ನು ನೋಡುತ್ತೇನೆ. ಕತ್ತಿನ ಕಶೇರುಗಳಲ್ಲಿ ಅದು ಹಾದುಹೋಗುವ ರಂಧ್ರವೂ ಆ ಬದಿಯಲ್ಲಿ ಸಣ್ಣದಿದ್ದರೆ ನಾಳ ಮೊದಲಿನಿಂದಲೂ ಸಣ್ಣದೇ. ರಂಧ್ರ ದೊಡ್ಡದಿದ್ದು ನಾಳ ಮಾತ್ರ ಸೊರಗಿದ್ದರೆ ನನಗೆ ಆತಂಕವಾಗುತ್ತದೆ. ಆಗ ನಾಳದ ಗೋಡೆಯಲ್ಲಿ ಸೀಳು ಬಿಟ್ಟಿದೆಯೇ ಎಂದು ಹುಡುಕುತ್ತೇನೆ.

ಮಿದುಳಿನ ಮುಂಭಾಗಕ್ಕೆ ರಕ್ತ ಒಯ್ಯುವ ಆಂಟೀರಿಯರ್ ಸೆರೆಬ್ರಲ್‌ನ ಮೊದಲ ತುಂಡು ಒಂದು ಬದಿ ಇಲ್ಲದಿದ್ದರೆ ಎರಡೂ ಕಡೆಯ ರಕ್ತಕ್ಕೆ ಒಂದೇ ಕೆರೋಟಿಡ್ ಆಧಾರ. ಅದು ಕಟ್ಟಿಕೊಂಡರೆ ಎರಡೂ ಕಾಲುಗಳು ಬಲ ಕಳೆದುಕೊಳ್ಳಬಹುದು. ಅಲ್ಲಿ ಎರಡೂ ಬದಿಯನ್ನು ಬೆಸೆಯುವ ಕೂಡುನಾಳದಲ್ಲಿ ಅನ್ಯೂರಿಸಂ (ಗೋಡೆ ದುರ್ಬಲವಾಗಿ ಊದಿಕೊಂಡು ಒಡೆಯಬಹುದಾದ ಉಬ್ಬು) ಇದ್ದರಂತೂ ಯಾವ ಬದಿಯಿಂದ ಅದು ತುಂಬುತ್ತಿದೆ ಎಂಬುದು ಶಸ್ತ್ರಚಿಕಿತ್ಸಕರ ಮೊದಲ ಪ್ರಶ್ನೆ. ಅವರು ಕೇಳುವ ಮೊದಲೇ ಬರೆದಿಡುತ್ತೇನೆ. ಪರ್ಶೆರಾನ್ ಅಪಧಮನಿಯ ಕಥೆ ಬೇರೆ: ಒಂದೇ ಕಾಂಡ ಮಿದುಳಿನ ಆಳದಲ್ಲಿ ಎಚ್ಚರಕ್ಕೆ ನೆರವಾಗುವ ಎರಡೂ ಥಾಲಮಸ್‌ಗಳಿಗೆ ರಕ್ತ ಕೊಡುತ್ತದೆ, ಆಂಜಿಯೋಗ್ರಾಂನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಕಾರಣ ತಿಳಿಯದೆ ಮಂಪರಿಗೆ ಜಾರಿದವರ ಎಂಆರ್‌ಐನಲ್ಲಿ ಎರಡೂ ಬದಿ ಕಲೆ ಕಂಡರೆ ಅದನ್ನು ನೆನೆಯಬೇಕು.

ಕಳೆದ ವಾರ ಅನ್ಯೂರಿಸಂ ಇದೆಯೆಂಬ ವರದಿ ಹಿಡಿದು ಒಬ್ಬ ತಾಯಿ ಅಳುತ್ತ ಬಂದರು. ಹಿಂಬದಿಯ ಕೂಡುನಾಳ ಹೊರಡುವಲ್ಲಿ ಸಣ್ಣ ಉಬ್ಬು. ತೆಳು ಪದರಗಳ ಸ್ಕ್ಯಾನ್ ಚಿತ್ರಗಳಲ್ಲಿ ತಿರುಗಿಸಿ ನೋಡಿದೆ: ಆಲಿಕೆಯ ಆಕಾರ, ಅಗಲ 3 ಮಿ.ಮೀ.ಗಿಂತ ಕಡಿಮೆ, ನಾಳ ಸರಿಯಾಗಿ ಅದರ ತುದಿಯಿಂದಲೇ ಹೊರಟಿತ್ತು. ಅನ್ಯೂರಿಸಂ ಅಲ್ಲ, ನಾಳದ ಬುಡ ಹಿಗ್ಗಿದೆ ಅಷ್ಟೆ. ಪರದೆಯ ಮೇಲೆ ಆ ತುದಿಯನ್ನು ಬೆರಳಿಟ್ಟು ತೋರಿಸಿದೆ. ಮುಂದೆ ಎಂದಾದರೂ ಹೋಲಿಸಲು ಬೇಕಾಗುತ್ತದೆಂದು ಅಳತೆಯನ್ನು ವರದಿಯಲ್ಲಿ ಬರೆದುಕೊಟ್ಟೆ.