ಮಕ್ಕಳ ಜೊತೆ ಕೂತು ಏನು ನೋಡೋದು? ನಮ್ಮ ಮನೆಯ ಅನುಭವ

ಬೀದರಿನ ನಮ್ಮ ಚರ್ಚ್ ಸಭೆಯಲ್ಲಿ ತಾಯಂದಿರು ಸೇರಿದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಹೇಗೆ ಆರಿಸುತ್ತೇನೆ ಅಂತ ಬರೆಯುತ್ತಿದ್ದೇನೆ, ಯಾರಿಗಾದರೂ ಉಪಯೋಗವಾಗಲಿ.

ಮೊದಲು ವಯಸ್ಸಿನ ಗುರುತು ನೋಡಿ. 2021ರ ನಿಯಮದ ಪ್ರಕಾರ ಓಟಿಟಿ ಕಾರ್ಯಕ್ರಮಗಳಿಗೆ ಯು, ಯು/ಎ 7+, 13+, 16+, ಎ ಅಂತ ಗುರುತು ಹಾಕಬೇಕು. 13+ ಮತ್ತು ಅದರ ಮೇಲಿನವಕ್ಕೆ ಲಾಕ್ ಸೌಲಭ್ಯವನ್ನೂ ಕೊಡಬೇಕು. ಲಾಕ್ ಹಾಕಿಬಿಡಿ. ಮುಂದಿನ ಕಂತು ತಾನಾಗಿ ಶುರುವಾಗೋದನ್ನೂ ಬಂದ್ ಮಾಡಿ.

ಆದರೆ ಗುರುತು ಅಷ್ಟೇ ಸಾಲದು. ಮನೆಯವರೇ ಒಬ್ಬರಿಗೊಬ್ಬರು ಗುಂಡಿ ತೋಡುವ ಧಾರಾವಾಹಿಯಲ್ಲಿ ಒಂದು ಕೆಟ್ಟ ಮಾತೂ ಇರದಿರಬಹುದು, ಆದರೂ ನೋಡಿ ಎದ್ದಾಗ ಮನಸ್ಸಿನಲ್ಲಿ ಹೊಟ್ಟೆಕಿಚ್ಚೇ ತುಂಬಿರುತ್ತೆ, ಅಲ್ವಾ? ಸತ್ಯವಾದದ್ದು, ಶುದ್ಧವಾದದ್ದು ಯಾವುದೋ ಅದನ್ನೇ ಯೋಚಿಸಿ ಅಂತ ಬೈಬಲಿನಲ್ಲಿ ಪೌಲ ಫಿಲಿಪ್ಪಿಯವರಿಗೆ ಬರೆದನಲ್ಲ (4:8), ನನ್ನ ಅಳತೆ ಅದು. ಕ್ರೈಸ್ತ ಕಾರ್ಯಕ್ರಮಕ್ಕೂ ಅದೇ ಅಳತೆ. ಕಾಣಿಕೆ ಕಳಿಸಿದರೆ ಸಾಲ ತೀರುತ್ತೆ, ರೋಗ ಹೋಗುತ್ತೆ ಅನ್ನೋ ಮಾತು ಬಂದರೆ ನಾನು ಚಾನೆಲ್ ಬದಲಿಸುತ್ತೇನೆ.

ನಮ್ಮ ಮನೆಗೆ ಹಿಡಿಸಿದ್ದು ಯೇಸುವಿನ ಜೀವನದ ಕಥೆ ಹೇಳುವ ಸರಣಿ ‘ದಿ ಚೋಸನ್’. ಹಿಂದಿಯಲ್ಲೂ ಇದೆ, ನಮ್ಮ ಬೀದರಿನ ಮಕ್ಕಳಿಗೆ ಹಿಂದಿ ಏನು ಕಷ್ಟ? ಆದರೆ ಚಿಕ್ಕವರಿದ್ದರೆ ಮೊದಲ ಕಂತಿನಿಂದ ಶುರು ಮಾಡಬೇಡಿ. ಅದರಲ್ಲಿ ಮಗ್ದಲದ ಮರಿಯಳನ್ನು ದೆವ್ವಗಳು ಕಾಡುವ ದೃಶ್ಯಗಳಿವೆ, ರಾತ್ರಿ ಹೆದರುತ್ತಾರೆ. ನಾನು ಒಬ್ಬಳೇ ಮೊದಲು ನೋಡಿ, ಮೊದಲ ಸೀಸನ್ನಿನ ಮೂರನೇ ಕಂತು ಹಾಕಿದೆ. ಊರ ಹೊರಗೆ ಯೇಸು ಬಿಡಾರ ಹೂಡಿ ಬಡಗಿ ಕೆಲಸ ಮಾಡುತ್ತಿರುತ್ತಾನೆ, ಮಕ್ಕಳು ಒಬ್ಬೊಬ್ಬರೇ ಬಂದು ಸೇರುತ್ತಾರೆ, ಅಷ್ಟೇ ಕಥೆ. ನನ್ನ ಮಗಳು ಬೆರಗಾಗಿ, "ಮಮ್ಮಿ, ಯೇಸು ಸ್ವಾಮಿ ಹಿಂಗ ನಗ್ತಿದ್ರಾ?" ಅಂತ ಕೇಳಿದಳು. ಆ ಪ್ರಶ್ನೆಗೇ ಅವತ್ತು ನಮ್ಮ ಕುಟುಂಬ ಪ್ರಾರ್ಥನೆ ಮೀಸಲಾಯಿತು.

ಇದರಲ್ಲಿ ಸೇರಿಸಿದ ಕಥೆಯೂ ಜಾಸ್ತಿ ಇದೆ. ಯೇಸುವಿನ ಶಿಷ್ಯನಾಗುವ ಮೀನುಗಾರ ಸೀಮೋನ ತೆರಿಗೆ ಸಾಲ ತೀರಿಸೋಕೆ ರೋಮಿನವರ ಜೊತೆ ಸೇರುವುದು ಸುವಾರ್ತೆಯಲ್ಲಿಲ್ಲ. ಅದಕ್ಕೇ ನಾಲ್ಕನೇ ಕಂತಿನ ನಂತರ ಲೂಕನ ಸುವಾರ್ತೆಯ 5ನೇ ಅಧ್ಯಾಯ ತೆಗೆದು ಓದಿದೆವು. ಬಲೆ ಹರಿಯುವಷ್ಟು ಮೀನು ಅಲ್ಲಿದೆ, ಸಾಲದ ಮಾತಿಲ್ಲ. ಮಕ್ಕಳೇ ಹುಡುಕಿ ಹೇಳಿದರು.

ಎಲ್ಲವೂ ಬೈಬಲ್ ಕಥೆಯೇ ಆಗಿರಬೇಕಿಲ್ಲ. ಚಂದನ ವಾಹಿನಿಯ ರಸಪ್ರಶ್ನೆ ಕಾರ್ಯಕ್ರಮ ‘ಥಟ್ ಅಂತ ಹೇಳಿ’ ನಮಗೆ ಬಹಳ ಇಷ್ಟ. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸುತ್ತಿದ್ದಾರೆ, ಸರಿ ಉತ್ತರಕ್ಕೆ ಪುಸ್ತಕ ಬಹುಮಾನ. ಅತ್ತೆಯವರೂ ಧಾರಾವಾಹಿ ಬಿಟ್ಟು ಕೂರುತ್ತಾರೆ, ಗಾದೆಯ ಪ್ರಶ್ನೆ ಬಂದರೆ ಅವರೇ ಮುಂದು. ಹಳೆಯ ಕಂತುಗಳು ಯೂಟ್ಯೂಬಿನಲ್ಲೂ ಸಿಗುತ್ತವೆ, ಟಿವಿ ಹೊತ್ತು ಹೊಂದದವರು ಅಲ್ಲಿಂದ ಶುರು ಮಾಡಬಹುದು.