ಮಾಜಾಳಿಯಿಂದ ಮಂತ್ರಿಗಳ ಮೇಜಿಗೆ: ಎರಡು ರಾಜ್ಯದ ನಡುವಿನ ಸಮಸ್ಯೆಗೆ ಅರ್ಜಿ ಹಾಕೋದು ಹೇಗೆ

ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಪೋಳೆಂ, ಅಂದ್ರೆ ಗೋವಾ. ಕಾರವಾರದವರಿಗೆ ಅದು ಬೇರೆ ರಾಜ್ಯ ಅನ್ನೋದು ನೆನಪಾಗೋದು ಏನಾದರೂ ಅಡ್ಡಿ ಬಂದಾಗ ಮಾತ್ರ. 2018ರಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕ್ತಾರೆ ಅನ್ನೋ ಗದ್ದಲ ಎದ್ದು ಹೊರಗಿನ ಮೀನಿನ ಗಾಡಿಗಳಿಗೆ ಗೋವಾ ನಿರ್ಬಂಧ ಹಾಕಿದಾಗ ನೆನಪಾಯಿತು. ಅದೇ ವರ್ಷ ಜನವರಿಯಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಹೊರ ರಾಜ್ಯದವರು ದುಡ್ಡು ಕಟ್ಟಬೇಕು ಅಂತಾದಾಗ ನೆನಪಾಯಿತು. ಕೋವಿಡ್ ಹೊತ್ತಲ್ಲಂತೂ ಕೇಳೋದೇ ಬೇಡ.

ಆಗೆಲ್ಲ ನಾವು ಮಾಡೋದು ಒಂದೇ. ಹತ್ತು ಜನ ಸೇರಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು ಬರ್ತೇವೆ. ಮರುದಿನ ಪೇಪರಿನಲ್ಲಿ ಬರುತ್ತದೆ. ಕೆಲವು ವಾರ ಬಿಟ್ಟು ಹಿಂಬರಹ ಬರುತ್ತದೆ: ‘ಸದರಿ ವಿಷಯವು ನೆರೆ ರಾಜ್ಯಕ್ಕೆ ಸಂಬಂಧಿಸಿರುತ್ತದೆ.’ ಅಲ್ಲಿಗೆ ಮುಗೀತು. ಅದರಲ್ಲಿ ಸುಳ್ಳೇನೂ ಇಲ್ಲ ನೋಡಿ. ಕಾರವಾರದ ಡಿಸಿ ಗೋವಾದ ಅಧಿಕಾರಿಗೆ ಆರ್ಡರ್ ಮಾಡೋಕೆ ಬರೋದಿಲ್ಲ. ಹಾಗಾಗಿ ನಿಮ್ಮ ಅರ್ಜಿ ಎರಡೂ ಸರ್ಕಾರ ಎದುರುಬದುರು ಕೂತು ಮಾತಾಡುವ ಜಾಗಕ್ಕೆ ಹೋಗಬೇಕು. ಆ ಜಾಗ ಯಾವುದು, ಅಲ್ಲಿಗೆ ಮುಟ್ಟಿಸೋದು ಹೇಗೆ ಅನ್ನೋದನ್ನ ಇಲ್ಲಿ ಬರೀತಿದ್ದೇನೆ.

ಮೊದಲು ಮೇಜು ಯಾವುದು ನೋಡಿ

‘ವಲಯ ಪರಿಷತ್ತಿಗೆ ಬರೀರಿ’ ಅಂತ ಯಾರಾದರೂ ತಿಳಿದವರು ಹೇಳೇ ಹೇಳ್ತಾರೆ. 1956ರ ರಾಜ್ಯ ಪುನರ್‌ವಿಂಗಡಣೆ ಕಾಯ್ದೆಯಲ್ಲಿ ದೇಶವನ್ನು ಐದು ವಲಯ ಮಾಡಿ ಒಂದೊಂದಕ್ಕೂ ಒಂದು ಪರಿಷತ್ತು ಕೊಟ್ಟಿದ್ದಾರೆ. ಕೇಂದ್ರದ ಗೃಹ ಸಚಿವರು ಅಧ್ಯಕ್ಷರು. ಪ್ರತಿ ರಾಜ್ಯದಿಂದ ಮುಖ್ಯಮಂತ್ರಿ ಮತ್ತು ಇನ್ನಿಬ್ಬರು ಮಂತ್ರಿಗಳು ಸದಸ್ಯರು. ಗಡಿ ತಕರಾರು, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ ಈ ಮೂರನ್ನೂ ಚರ್ಚೆ ಮಾಡಬಹುದು ಅಂತ ಕಲಂ 21ರಲ್ಲೇ ಬರೆದಿದೆ. ಕೇಳೋಕೆ ನಮಗೇ ಅಂತ ಮಾಡಿದ ಹಾಗಿದೆ, ಅಲ್ವಾ?

ಆದರೆ ಕರ್ನಾಟಕ ಇರೋದು ದಕ್ಷಿಣ ವಲಯದಲ್ಲಿ, ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳ, ಪುದುಚೇರಿ ಜತೆ. ಗೋವಾ ಇರೋದು ಪಶ್ಚಿಮ ವಲಯದಲ್ಲಿ, ಮಹಾರಾಷ್ಟ್ರ, ಗುಜರಾತ್ ಜತೆ. ಅಂದ್ರೆ ಕಾರವಾರಕ್ಕೆ ಕೂಗಳತೆಯಲ್ಲಿರುವ ಕಾಣಕೋಣದ ವಿಷಯ ಮಾತಾಡೋಕೆ ನಮ್ಮ ಮುಖ್ಯಮಂತ್ರಿ ಕೂರುವ ಪರಿಷತ್ತಿನಲ್ಲಿ ಗೋವಾದ ಕುರ್ಚಿಯೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ತಿರುವನಂತಪುರದಲ್ಲಿ ದಕ್ಷಿಣ ವಲಯದ ಸಭೆ ನಡೆಯಿತು. ಅಲ್ಲಿ ಪೋಳೆಂ ಗೇಟಿನ ಮಾತು ಎತ್ತಿದ್ದರೂ ಉತ್ತರ ಕೊಡೋಕೆ ಎದುರಿಗೆ ಯಾರೂ ಇರ್ತಿರಲಿಲ್ಲ. ಇದನ್ನು ತಿಳಿಯದೆ ದಿಲ್ಲಿಗೆ ಸ್ಪೀಡ್ ಪೋಸ್ಟ್ ಹಾಕಿ ಕಾಯೋದು ಸುಮ್ನೆ ಖರ್ಚು. ಎರಡು ವಲಯಗಳು ಸೇರಿ ಜಂಟಿ ಸಭೆ ಮಾಡೋಕೆ ಕಲಂ 22ರಲ್ಲಿ ಅವಕಾಶ ಇದೆ. ನಿಮ್ಮ ಸಂಸದರು ಕೇಳಬೇಕಾದ್ದು ಅದನ್ನು. ಆದರೂ ಅದನ್ನೇ ನಂಬಿ ಕೂರಬೇಡಿ. ಸಂವಿಧಾನದ 263ನೇ ವಿಧಿಯಡಿ 1990ರಲ್ಲಿ ಅಂತರರಾಜ್ಯ ಪರಿಷತ್ತು ಅಂತಲೂ ಆಗಿದೆ. ಆದರೆ ಅದು ಇಡೀ ದೇಶದ ಸಭೆ, ನಿಮ್ಮ ಬಸ್ಸಿನ ಮಾತು ಅಲ್ಲಿ ಬರೋದಿಲ್ಲ.

ಹತ್ತಿರದ ದಾರಿ ಬೇರೆ ಇದೆ. ಎರಡು ಸರ್ಕಾರ ಮನಸ್ಸು ಮಾಡಿದರೆ ಮಂತ್ರಿಗಳ ಜಂಟಿ ಸಮಿತಿ ಮಾಡೋಕೆ ಹೊಸ ಕಾಯ್ದೆ ಏನೂ ಬೇಡ. ಬೆಳಗಾವಿ ವಿಷಯದಲ್ಲಿ ಜಗಳ ಜೋರಾದಾಗ, 2022ರ ಡಿಸೆಂಬರಿನಲ್ಲಿ, ಗೃಹ ಸಚಿವರು ಕರ್ನಾಟಕ ಮತ್ತು ಮಹಾರಾಷ್ಟ್ರದ ಮುಖ್ಯಮಂತ್ರಿಗಳನ್ನು ದಿಲ್ಲಿಗೆ ಕರೆಸಿದರು. ಎರಡೂ ಕಡೆಯಿಂದ ಮೂವರು ಮೂವರು ಮಂತ್ರಿಗಳು ಸೇರಿ ಮಾತಾಡಬೇಕು ಅಂತ ತೀರ್ಮಾನ ಆಯಿತು. ಗಡಿಯ ಮೂಲ ದಾವೆ ಸುಪ್ರೀಂ ಕೋರ್ಟಿನಲ್ಲೇ ಇತ್ತು. ಅದನ್ನು ಮುಟ್ಟದೆ ಉಳಿದ ಸಣ್ಣಪುಟ್ಟ ಜಗಳಗಳನ್ನು ಮೇಜಿಗೆ ತರೋದು ಅದರ ಉದ್ದೇಶ. ಗೋವಾ ಜತೆಗೂ ಇಂಥದ್ದೊಂದು ಬೇಕು ಅಂತ ನಿಮ್ಮ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿ. ಅದು ಕೊನೆಯಲ್ಲೇ ಇರಲಿ, ಮೊದಲ ಸಾಲಿನಲ್ಲಿ ಬೇಡ.

ಒಳ್ಳೆ ಜಂಟಿ ಸಮಿತಿ ಅಂದ್ರೆ ಹೇಗಿರುತ್ತದೆ

ಏನು ಕೇಳಬೇಕು ಅಂತ ಗೊತ್ತಿರಬೇಕಲ್ಲ, ಅದಕ್ಕೆ ಐರ್ಲೆಂಡ್ ನೋಡಿ. ಅಲ್ಲಿ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣದ್ದು ಸ್ವತಂತ್ರ ದೇಶ. ಗಡಿಗಾಗಿ ಬಾಂಬು ಬಂದೂಕು ಎಲ್ಲ ಆಗಿಹೋಗಿದೆ. 1998ರ ಏಪ್ರಿಲ್ 10ರಂದು ಬೆಲ್‌ಫಾಸ್ಟ್‌ನಲ್ಲಿ ಆದ ಶಾಂತಿ ಒಪ್ಪಂದದಲ್ಲಿ ಉತ್ತರ–ದಕ್ಷಿಣ ಮಂತ್ರಿ ಪರಿಷತ್ತು ಅಂತ ಒಂದು ಸಂಸ್ಥೆ ಮಾಡಿದರು. 1999ರ ಡಿಸೆಂಬರಿನಲ್ಲಿ ಆರ್ಮಾ ಎಂಬ ಊರಲ್ಲಿ ಮೊದಲ ಸಭೆ. ಅದೇ ಊರಲ್ಲಿ ಎರಡೂ ಕಡೆಯ ಅಧಿಕಾರಿಗಳು ಒಂದೇ ಕಚೇರಿಯಲ್ಲಿ ಕೂತು ಕೆಲಸ ಮಾಡ್ತಾರೆ. ಮಂತ್ರಿಗಳು ವಿಷಯವಾರು ಸೇರ್ತಾರೆ. ಆರೋಗ್ಯದ ಸಭೆಗೆ ಆರೋಗ್ಯ ಮಂತ್ರಿ, ಸಾರಿಗೆಗೆ ಸಾರಿಗೆ ಮಂತ್ರಿ. ಎರಡೂ ಕಡೆ ಒಪ್ಪಿದರೆ ಮಾತ್ರ ತೀರ್ಮಾನ, ಮತ ಹಾಕಿ ಸೋಲಿಸೋದು ಇಲ್ಲ. ಸಭೆ ಮುಗಿದ ಮೇಲೆ ಏನಾಯಿತು ಅಂತ ಜಂಟಿ ಹೇಳಿಕೆ ಹೊರಗೆ ಬರುತ್ತದೆ, ಯಾರು ಬೇಕಾದರೂ ಓದಬಹುದು. ಈ ಜಂಟಿ ಹೇಳಿಕೆಯ ಪದ್ಧತಿಯೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು.

ನಮ್ಮ ಮೀನುಗಾರರಿಗೆ ಇನ್ನೊಂದು ವಿಷಯ ಹಿಡಿಸಬಹುದು. ಗಡಿಯಲ್ಲಿರುವ ಫೊಯ್ಲ್ ಮತ್ತು ಕಾರ್ಲಿಂಗ್‌ಫರ್ಡ್ ಎಂಬ ಎರಡು ಅಳಿವೆಗಳ ಮೀನುಗಾರಿಕೆಯನ್ನು ಅಲ್ಲಿ ಎರಡೂ ಸರ್ಕಾರಕ್ಕೆ ಸೇರಿದ ಒಂದೇ ಸಂಸ್ಥೆ ನೋಡಿಕೊಳ್ಳುತ್ತದೆ. ಫೊಯ್ಲ್‌ಗೆ ಜಂಟಿ ಮೀನುಗಾರಿಕೆ ಆಯೋಗ ಬಂದದ್ದು 1952ರಲ್ಲೇ, ಶಾಂತಿ ಒಪ್ಪಂದಕ್ಕೆ ಎಷ್ಟೋ ಮೊದಲು. ದೊಡ್ಡ ಜಗಳ ಬಗೆಹರಿಯದೆ ಇದ್ದಾಗಲೂ ಮೀನಿನ ವಿಷಯಕ್ಕೆ ಒಟ್ಟಿಗೆ ಕೂತಿದ್ದರು.

ನಮ್ಮಲ್ಲೂ ಇಂಥದ್ದು ಇಲ್ಲ ಅಂತಲ್ಲ. ನಾವು ದಿನಾ ಹತ್ತುವ ಕೊಂಕಣ ರೈಲನ್ನೇ ನೋಡಿ. 1990ರಲ್ಲಿ ನಿಗಮ ಶುರುವಾದಾಗ ರೈಲ್ವೆಯದ್ದು ಶೇ 51, ಮಹಾರಾಷ್ಟ್ರ ಶೇ 22, ಕರ್ನಾಟಕ ಶೇ 15, ಗೋವಾ ಮತ್ತು ಕೇರಳ ತಲಾ ಶೇ 6 ಪಾಲು ಹಾಕಿದ್ದವು. ಮಳೆಗಾಲದ ಮೀನುಗಾರಿಕೆ ನಿಷೇಧವೂ ಹಾಗೆಯೇ. ಜೂನ್ 1ರಿಂದ ಜುಲೈ 31, ಅಲ್ಲೂ ಅದೇ ಇಲ್ಲೂ ಅದೇ. ಒಂದು ಕಡೆ ಬಲೆ ಬಿಟ್ಟು ಇನ್ನೊಂದು ಕಡೆ ಕಟ್ಟಿಟ್ಟಿದ್ದರೆ ಏನಾಗ್ತಿತ್ತು ಅಂತ ಕಾರವಾರದ ಬೈತಕೋಲ ಮೀನುಗಾರಿಕೆ ಬಂದರಿನಲ್ಲಿ ಯಾರನ್ನಾದರೂ ಕೇಳಿ.

ವಿಷಯವನ್ನು ಸಣ್ಣದು ಮಾಡಿ

ಜನ ಸೋಲೋದು ಇಲ್ಲೇ ಜಾಸ್ತಿ. ‘ಗೋವಾದಲ್ಲಿ ಕನ್ನಡಿಗರಿಗೆ ಅನ್ಯಾಯ ತಡೆಯಿರಿ’ ಅಂತ ಬರೆದರೆ ಅದು ಯಾವ ಇಲಾಖೆಯ ಟಪ್ಪಾಲಿಗೂ ಹೋಗೋದಿಲ್ಲ. ಗುಮಾಸ್ತನಿಗೆ ಯಾವ ಕಡತಕ್ಕೆ ಸೇರಿಸಬೇಕು ಅಂತಲೇ ತಿಳಿಯೋದಿಲ್ಲ. ಒಂದು ಅರ್ಜಿಗೆ ಒಂದು ಇಲಾಖೆ, ಒಂದು ಕೋರಿಕೆ, ಅಷ್ಟೇ. ಮೀನಿನ ಗಾಡಿ ವಿಷಯ ಆದರೆ ‘ಗಾಡಿ ಬಿಡಿ’ ಅನ್ನಬೇಡಿ. ಆಹಾರ ಸುರಕ್ಷತೆಯ 2006ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಆದ್ದರಿಂದ ಕಾರವಾರದಲ್ಲಿ ಮಾಡಿಸಿದ ಪರೀಕ್ಷೆಯ ವರದಿಯನ್ನು ಪೋಳೆಂನಲ್ಲಿ ಒಪ್ಪುವ ವ್ಯವಸ್ಥೆ ಮಾಡಿ ಅಂತ ಕೇಳಿ. ಹೆದ್ದಾರಿಯದ್ದಾದರೆ, 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದಂಥ ಹೊತ್ತಲ್ಲಿ ಎರಡೂ ಕಡೆಯ ಪೊಲೀಸರು ಗಾಡಿಗಳನ್ನು ಎಲ್ಲಿ ತಡೆಯಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಜಂಟಿ ಸೂಚನೆ ಕೇಳಿ.

ಕೋರ್ಟು, ನ್ಯಾಯಮಂಡಳಿಯಲ್ಲಿ ಇರೋದನ್ನು ಅರ್ಜಿಗೆ ಎಳೆದು ತರಬೇಡಿ. ಮಹಾದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಹೇಳಿತು. ಅದರ ಜಗಳ ಇನ್ನೂ ಮುಗಿದಿಲ್ಲ. ಆ ತೀರ್ಪು ಜಾರಿ ಮಾಡೋಕೆ 2023ರಲ್ಲಿ ಕೇಂದ್ರ ‘ಪ್ರವಾಹ್’ ಅನ್ನೋ ಪ್ರಾಧಿಕಾರವನ್ನೇ ಮಾಡಿದೆ. ನಿಮ್ಮ ಬಸ್ಸಿನ ಅರ್ಜಿಯಲ್ಲಿ ಮಹಾದಾಯಿ ಅನ್ನೋ ಹೆಸರು ಬಂತು ಅಂದ್ರೆ ಆ ಕಡೆಯವರು ಮುಂದೆ ಓದೋದೇ ಇಲ್ಲ.

ಒಂದು ಅರ್ಜಿ ಬರೆದು ನೋಡೋಣ

ಬೆಳಿಗ್ಗೆ ಗೋವಾಕ್ಕೆ ಕೆಲಸಕ್ಕೆ ಹೋಗುವವರಿಗೆ ಒಂದು ಬಸ್ ಬೇಕು ಅಂದುಕೊಳ್ಳಿ. ಅಂತರರಾಜ್ಯ ಬಸ್ಸುಗಳು ಓಡೋದು ಎರಡು ರಾಜ್ಯಗಳ ಒಪ್ಪಂದದ ಮೇಲೆ. ಯಾವ ಮಾರ್ಗದಲ್ಲಿ ಯಾರಿಗೆ ಎಷ್ಟು ಪರ್ಮಿಟ್ ಅನ್ನೋದು ಅದರಲ್ಲಿ ನಿಗದಿ ಆಗಿರುತ್ತದೆ. ಡಿಪೊ ಮ್ಯಾನೇಜರ್ ಹತ್ತಿರ ಜಗಳ ಮಾಡಿ ಏನೂ ಪ್ರಯೋಜನ ಇಲ್ಲ ಅನ್ನೋದು ಅದಕ್ಕೇ. ಹೀಗೆ ಬರೀರಿ:

‘ವಿಷಯ: ಕಾರವಾರ–ಮಡಗಾಂವ್ ಮಾರ್ಗದಲ್ಲಿ ಬೆಳಿಗ್ಗೆ 6ರಿಂದ 7ರ ಒಳಗೆ ಒಂದು ಹೆಚ್ಚುವರಿ ಬಸ್ ಬಗ್ಗೆ. ಕಾರವಾರ, ಸದಾಶಿವಗಡ, ಮಾಜಾಳಿಯಿಂದ ಈ ಹೊತ್ತಿಗೆ ಕೆಲಸಕ್ಕೆ ಹೋಗುವವರ ಹೆಸರು, ಇಳಿಯುವ ನಿಲ್ದಾಣ, ಸಹಿ ಇರುವ ಪಟ್ಟಿ ಲಗತ್ತಿಸಿದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 88ರಂತೆ ಗೋವಾ ಸರ್ಕಾರದ ಜತೆ ಇರುವ ಸಾರಿಗೆ ಒಪ್ಪಂದದಲ್ಲಿ ಈ ಟ್ರಿಪ್ ಸೇರಿಸಲು, ಎರಡೂ ರಾಜ್ಯಗಳ ಸಾರಿಗೆ ಇಲಾಖೆಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ವಿಷಯವನ್ನು ಇಡಬೇಕಾಗಿ ಕೋರಿಕೆ.’

ಇಷ್ಟು ಸಾಕು. ‘ಘನತೆವೆತ್ತ’, ‘ಪಾದಾರವಿಂದ’ ಎಲ್ಲ ಬೇಡ. ಇದರಲ್ಲಿ ಕೆಲಸ ಮಾಡೋದು ‘ಕಾರ್ಯಸೂಚಿಯಲ್ಲಿ ಇಡಬೇಕು’ ಅನ್ನೋ ಮಾತು. ಬಸ್ ಕೊಡಿ ಅಂದ್ರೆ ಆಗೋದಿಲ್ಲ ಅನ್ನಬಹುದು. ಸಭೆಯಲ್ಲಿ ಇಡಿ ಅಂದ್ರೆ ಆಗೋದಿಲ್ಲ ಅನ್ನೋಕೆ ಕಾರಣ ಹುಡುಕಬೇಕಾಗುತ್ತದೆ.

ಇದೇ ಕಲಂ 88ರಲ್ಲಿ ಜನರಿಗೆ ಒಂದು ಹಕ್ಕು ಇದೆ, ಬಹಳ ಜನ ಬಳಸೋದೇ ಇಲ್ಲ. ಪರ್ಮಿಟ್ ಸಂಖ್ಯೆ ನಿಗದಿ ಮಾಡುವ ಒಪ್ಪಂದದ ಕರಡನ್ನು ಎರಡೂ ಸರ್ಕಾರ ತಮ್ಮ ರಾಜ್ಯಪತ್ರದಲ್ಲಿ ಮತ್ತು ಆ ಭಾಗದ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಆಕ್ಷೇಪ, ಸಲಹೆಗಳನ್ನು ಪರಿಶೀಲಿಸುವ ದಿನವನ್ನು ರಾಜ್ಯಪತ್ರದಲ್ಲಿ ಬಂದ ಮೇಲೆ ಕನಿಷ್ಠ 30 ದಿನ ಬಿಟ್ಟೇ ಇಡಬೇಕು. ಯಾವ ದಿನದೊಳಗೆ ಬರೆದು ಕೊಡಬೇಕು ಅನ್ನೋದೂ ಆ ಪ್ರಕಟಣೆಯಲ್ಲೇ ಇರುತ್ತದೆ. ಆ ಹೊತ್ತಿಗೆ ಕೊಟ್ಟ ಒಂದು ಪುಟ, ಒಪ್ಪಂದ ಆದ ಮೇಲೆ ಮಾಡುವ ರಸ್ತೆ ತಡೆಗಿಂತ ಮೇಲು.

ಯಾರಿಗೆಲ್ಲ ಕೊಡಬೇಕು

ಮೂಲ ಪ್ರತಿ ಬೆಂಗಳೂರಿಗೆ, ಆಯಾ ಇಲಾಖೆಯ ಕಾರ್ಯದರ್ಶಿಗೆ. ಡಿಸಿ ಮೂಲಕವೇ ಕಳಿಸಿ. ಅವರು ‘ಶಿಫಾರಸು ಮಾಡಿದೆ’ ಅಂತ ಒಂದು ಸಾಲು ಬರೆದರೆ ಕಡತಕ್ಕೆ ತೂಕ ಬರುತ್ತದೆ. ಡಿಸಿ ಹತ್ತಿರ ಇನ್ನೊಂದು ಕೆಲಸವೂ ಆಗುತ್ತದೆ. ಚುನಾವಣೆ ಹೊತ್ತಲ್ಲಿ ಹೆಂಡ, ಹಣ ಸಾಗಣೆ ತಡೆಯೋಕೆ ಗಡಿಯ ಎರಡೂ ಕಡೆಯ ಜಿಲ್ಲಾ ಅಧಿಕಾರಿಗಳು ಸೇರಿ ಸಭೆ ಮಾಡ್ತಾರಲ್ಲ, ಹೆಂಡಕ್ಕೆ ಸೇರುವವರು ಆಂಬುಲೆನ್ಸಿಗೂ ಸೇರಬಹುದು ಅಂತ ಮೆತ್ತಗೆ ಕೇಳಿ ನೋಡಿ. ಪ್ರತಿಗೆ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಶಾಸಕರಿಗೆ ಬರೀ ಮನವಿ ಕೊಡಬೇಡಿ, ಸದನದಲ್ಲಿ ಕೇಳೋಕೆ ಪ್ರಶ್ನೆಯನ್ನೇ ಬರೆದು ಕೊಡಿ. ‘ಗೋವಾ ಸರ್ಕಾರದ ಜತೆ ಕಳೆದ ಮೂರು ವರ್ಷದಲ್ಲಿ ಈ ವಿಷಯವಾಗಿ ಎಷ್ಟು ಸಭೆ ಆಗಿದೆ, ಕೈಗೊಂಡ ತೀರ್ಮಾನ ಏನು?’ ಪ್ರಶ್ನೆ ಸ್ವೀಕಾರ ಆದರೆ ಮಂತ್ರಿಯ ಉತ್ತರ ದಾಖಲೆಗೆ ಬರುತ್ತದೆ, ಮುಂದಿನ ಅರ್ಜಿಗೆ ಅದನ್ನೇ ಲಗತ್ತಿಸಬಹುದು.

ಇನ್ನು ಆ ಕಡೆ. ಇದನ್ನು ಯಾರೂ ಮಾಡೋದಿಲ್ಲ, ಆದರೆ ಅರ್ಧ ಕೆಲಸ ಇರೋದೇ ಇಲ್ಲಿ. ಕಾಣಕೋಣದಲ್ಲಿ ನಿಮ್ಮದೇ ತೊಂದರೆ ಇರುವ ಜನ ಇರ್ತಾರೆ: ನಮ್ಮ ಮೀನು ಕೊಳ್ಳುವ ವ್ಯಾಪಾರಿ, ಕಾರವಾರದ ಪೇಟೆಗೆ ಬರುವವರು, ನಮ್ಮೂರಿನ ಮದುವೆ ಸಂಬಂಧ ಇರುವವರು. ಅವರು ಅದೇ ಅರ್ಜಿಯನ್ನು ಕೊಂಕಣಿಯಲ್ಲೋ ಇಂಗ್ಲಿಷಿನಲ್ಲೋ ತಮ್ಮ ಶಾಸಕರಿಗೆ, ತಮ್ಮ ಜಿಲ್ಲೆಯ ಕಲೆಕ್ಟರಿಗೆ ಕೊಡಲಿ. ಕೋರಿಕೆಯ ಸಾಲು ಎರಡರಲ್ಲೂ ಒಂದೇ ಇರಲಿ. ಗೋವಾದ ಮಂತ್ರಿಗೆ ಕರ್ನಾಟಕದ ಮತದಾರನ ಗೋಳು ಯಾಕೆ ಬೇಕು ಹೇಳಿ? ಅವರ ಊರಿನವರೇ ಕೇಳಿದರೆ ಬೇಕಾಗುತ್ತದೆ.

ಸಭೆ ಆದ ಮೇಲೆ

ಮಂತ್ರಿಗಳು ಶಾಲು ಹೊದೆಸಿಕೊಂಡು ‘ಸೌಹಾರ್ದ ಮಾತುಕತೆ’ ಅಂದರೆ ಏನೂ ಆಗಿಲ್ಲ ಅಂತಲೂ ಅರ್ಥ ಇರಬಹುದು. ನಿಮಗೆ ಬೇಕಾದ್ದು ಸಭೆಯ ನಡಾವಳಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದದ ಒಳಗೆ, ಒಂದೇ ವಿಷಯದ್ದು ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ ಹಾಕಿ. ನಡಾವಳಿಯಲ್ಲಿ ಮೂರು ನೋಡಿ: ಯಾರು ಮಾಡಬೇಕು, ಯಾವಾಗಿನೊಳಗೆ, ಮುಂದಿನ ಸಭೆ ಯಾವಾಗ. ‘ಪರಿಶೀಲಿಸಲಾಗುವುದು’ ಅಂತ ಇದ್ದು ಹೆಸರು, ದಿನಾಂಕ ಇಲ್ಲದಿದ್ದರೆ ಅದನ್ನೇ ಮುಂದಿನ ಅರ್ಜಿಯ ವಿಷಯ ಮಾಡಿ.

ಸರ್ಕಾರ ಬದಲಾದರೆ, ಅಥವಾ ಎರಡು ಕಡೆ ಬೇರೆ ಬೇರೆ ಪಕ್ಷ ಬಂದು ಮಾತು ಬಿಟ್ಟರೆ? ಐರ್ಲೆಂಡಿನಲ್ಲೂ ಹಾಗಾಗಿದೆ. ಉತ್ತರದ ಸರ್ಕಾರ ಬಿದ್ದು 2002ರಿಂದ 2007ರವರೆಗೆ, ಮತ್ತೆ 2017ರಿಂದ 2020ರವರೆಗೆ ಮಂತ್ರಿ ಪರಿಷತ್ತಿನ ಸಭೆಗಳೇ ನಡೆಯಲಿಲ್ಲ. ಆದರೂ ಅಳಿವೆಯ ಮೀನು ನೋಡಿಕೊಳ್ಳೋಕೆ, ವ್ಯಾಪಾರಕ್ಕೆ, ಜಲಮಾರ್ಗಕ್ಕೆ ಅಂತ ಮಾಡಿದ ಜಂಟಿ ಸಂಸ್ಥೆಗಳು ಓಡ್ತಾನೇ ಇದ್ದವು, ಯಾಕೆಂದರೆ ಅವಕ್ಕೆ ತಮ್ಮದೇ ಕಚೇರಿ, ಸಿಬ್ಬಂದಿ ಇದ್ದರು. ಹಾಗಾಗಿ ನೀವು ಕೇಳುವಾಗ ಮಂತ್ರಿಗಳ ಸಭೆ ಒಂದನ್ನೇ ಕೇಳಬೇಡಿ. ಎರಡೂ ಕಡೆ ಈ ವಿಷಯದ ಹೊಣೆ ಹೊತ್ತ ಒಬ್ಬೊಬ್ಬ ನೋಡಲ್ ಅಧಿಕಾರಿ ಇರಬೇಕು, ಅವರು ಮೂರು ತಿಂಗಳಿಗೊಮ್ಮೆ ಒಂದು ಸಲ ಕಾರವಾರದಲ್ಲಿ, ಒಂದು ಸಲ ಮಡಗಾಂವ್‌ನಲ್ಲಿ ಸೇರಬೇಕು ಅಂತ ಹುದ್ದೆಯ ಹೆಸರು ಬರೆದು ಕೇಳಿ. ವ್ಯಕ್ತಿಯ ಹೆಸರು ಬರೆದರೆ ವರ್ಗಾವಣೆ ಆದ ದಿನವೇ ಅದು ನಿಂತುಹೋಗುತ್ತದೆ.