ಅಜ್ಜನ ರ‍್ಯಾಲಿ ಸೈಕಲ್‌ಗೆ ಹೊಸ ಹಬ್: ಅರ ಹಾಕಿದ್ದು ಆಕ್ಸಲ್‌ಗೆ, ಫೋರ್ಕ್‌ಗಲ್ಲ

ಅಜ್ಜನ ರ‍್ಯಾಲಿ ಸೈಕಲ್‌ನ ಮುಂದಿನ ಹಬ್ (ಚಕ್ರದ ನಡುವಿನ ಭಾಗ) ಬಿಚ್ಚಿ ನೋಡಿದರೆ ಕಪ್‌ನಲ್ಲಿ ಬೇರಿಂಗ್ ಗುಂಡುಗಳು ಓಡಾಡುವ ದಾರಿಯೆಲ್ಲ ಗುಳಿ ಬಿದ್ದಿತ್ತು. ಎಷ್ಟು ಗ್ರೀಸ್ ತುಂಬಿದರೂ ಕರಕರ ನಿಲ್ಲಲಿಲ್ಲ. ಈ ಸೈಕಲ್‌ಗೆ ಮುಂದೆ 32 ಕಡ್ಡಿ, ಹಿಂದೆ 40. 32 ತೂತಿನ ಅಲ್ಯೂಮಿನಿಯಂ ಹಬ್ ಸಿಕ್ಕಿತು. ಹಿಂದಿನ ಚಕ್ರದ ಹಬ್ ಚೆನ್ನಾಗೇ ಇತ್ತು, ಮುಟ್ಟಲಿಲ್ಲ. ಇದರದು ಕಂಬಿಯಿಂದ ಎಳೆದು ರಿಮ್‌ನ ಒಳಬದಿಗೇ ಒತ್ತುವ ರಾಡ್ ಬ್ರೇಕ್ ಆದ್ದರಿಂದ ಹಳೇ ರಿಮ್ಮನ್ನೇ ಉಳಿಸಿಕೊಂಡು ಹೊಸ ಅಳತೆಯ ಕಡ್ಡಿ ಕಟ್ಟಿಸಿದೆ.

ಚಕ್ರ ತಂದು ಫೋರ್ಕ್‌ಗೆ (ಚಕ್ರ ಹಿಡಿಯುವ ಮುಂದಿನ ಕವೆ) ಹಿಡಿದರೆ ಒಳಗೇ ಹೋಗಲಿಲ್ಲ. ಹಬ್‌ನ ನಡುವೆ ಹಾಯುವ ಸರಳು, ಅಂದರೆ ಹಳೇ ಆಕ್ಸಲ್, 5/16 ಇಂಚು, ಅಂದರೆ ಸುಮಾರು 8 ಮಿ.ಮೀ. ಹೊಸದು 3/8, ಒಂಬತ್ತೂವರೆ ಮಿ.ಮೀ. ಅಗಲವೂ ಬೇರೆ. ಫೋರ್ಕ್ ಸಂದು 91 ಮಿ.ಮೀ., ಹಬ್ 100.

"ಫೋರ್ಕನ್ನೇ ಉಜ್ಜಿಬಿಡೋಣ ಸಾರ್, ಎರಡು ನಿಮಿಷದ ಕೆಲಸ" ಅಂದರು ಶಾಪ್‌ನವರು. ಬೇಡಣ್ಣ ಅಂದೆ. ಆಕ್ಸಲ್ ಕೆಟ್ಟರೆ ಇನ್ನೊಂದು ಸಿಗುತ್ತದೆ, ಈ ಫೋರ್ಕ್ ಎಲ್ಲಿ ಸಿಗಬೇಕು? ಅದೂ ಅಲ್ಲದೆ, ಉಜ್ಜುವಾಗ ಆಕ್ಸಲ್ ಕೂರುವ ಸೀಳು ಒಂದು ಕಡೆ 1 ಮಿ.ಮೀ. ಜಾಸ್ತಿ ಮೇಲಕ್ಕೆ ಹೋದರೂ ಸಾಕು, ಚಕ್ರದ ಮೇಲಂಚು 3 ಮಿ.ಮೀ.ಗಿಂತ ಜಾಸ್ತಿ ವಾಲುತ್ತದೆ.

ಮನೆಯಲ್ಲೇ ಆಕ್ಸಲ್‌ಗೆ ಅರ (ಫೈಲ್) ಹಾಕಿದೆ. ಮೊದಲು ಎರಡೂ ತುದಿಗೆ ಒಂದೊಂದು ನಟ್ ತಿರುಗಿಸಿ ಒಳಗೆ ಕೂರಿಸಿದೆ. ಆಮೇಲೆ ವೈಸ್‌ನಲ್ಲಿ ಹಿಡಿದು, ಫೋರ್ಕ್‌ನಲ್ಲಿ ಕೂರುವ ಜಾಗದಲ್ಲಿ ಮಾತ್ರ ಎದುರುಬದುರು ಮುಕ್ಕಾಲು ಮುಕ್ಕಾಲು ಮಿ.ಮೀ. ಉಜ್ಜಿದೆ. ಹತ್ತು ಸಲ ಉಜ್ಜುವುದು, ಕ್ಯಾಲಿಪರ್ ಹಿಡಿಯುವುದು. ಎರಡೂ ತುದಿಯ ಚಪ್ಪಟೆ ಒಂದೇ ನೇರದಲ್ಲಿ ಬರಬೇಕು, ಇಲ್ಲಿ ಅವಸರ ಮಾಡಬೇಡಿ. ಮುಗಿದ ಮೇಲೆ ಆ ನಟ್‌ಗಳನ್ನು ಹೊರಗೆ ತಿರುಗಿಸಿದರೆ ಮುರಿದ ಥ್ರೆಡ್‌ನ ಅಂಚೆಲ್ಲ ಸರಿಯಾಗುತ್ತದೆ. ಉಳಿದ ಎರಡು ಬದಿಯ ಥ್ರೆಡ್ಡೇ ನಟ್ ಹಿಡಿಯಲು ಸಾಕು. ಚಪ್ಪಟೆ ಇರುವುದರಿಂದ ಬಿಗಿ ಮಾಡುವಾಗ ಆಕ್ಸಲ್ ತಿರುಗುವುದೂ ಇಲ್ಲ.

ಅಗಲಕ್ಕೆ, ದಪ್ಪ ವಾಷರ್ ತೆಗೆದು ತೆಳುವಾದ ಲಾಕ್‌ನಟ್ ಹಾಕಿದೆ. 96ಕ್ಕೆ ಬಂತು. ಉಳಿದ 5 ಮಿ.ಮೀ.ಗೆ ಫೋರ್ಕನ್ನೇ ಅಗಲಿಸಿದೆ. ಇದು ಸ್ಟೀಲ್‌ಗೆ ಮಾತ್ರ ಸರಿ. ಅಲ್ಯೂಮಿನಿಯಂ ಫೋರ್ಕ್‌ಗೆ ಹೀಗೆ ಮಾಡಲೇಬೇಡಿ, ಬಿರುಕು ಬಿಡುತ್ತದೆ. ಸೀಳುಗಳ ನಡುವೆ 8 ಮಿ.ಮೀ. ಥ್ರೆಡ್ ರಾಡ್ ಇಟ್ಟು, ಒಳಗಿನ ಎರಡು ನಟ್‌ಗಳನ್ನು ಹೊರಕ್ಕೆ ತಿರುಗಿಸುತ್ತಾ ಹೋದೆ. ಸ್ಟೀಲ್ ವಾಪಸ್ ಬರುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಎಳೆದು, ಬಿಟ್ಟು, ಅಳೆದು, ಮತ್ತೆ ಎಳೆಯಬೇಕು. ಒಂದು ಸಂಜೆ ಪೂರ್ತಿ ಹಿಡಿಯಿತು.

ಚಕ್ರ ಹಾಕಿದಾಗ ಎಡಕ್ಕೆ ಸರಿದ ಹಾಗೆ ಕಂಡಿತು. ಬಿಚ್ಚಿ, ಎಡಬಲ ಬದಲಿಸಿ ಹಾಕಿದೆ. ಸರಿದದ್ದು ಬಲಕ್ಕೆ ಬಂತು. ಅಂದರೆ ಫೋರ್ಕ್ ನೆಟ್ಟಗಿದೆ, ತಪ್ಪು ಕಡ್ಡಿ ಬಿಗಿತದ್ದು. ಕಾಲು ಕಾಲು ಸುತ್ತು ಬಿಗಿ ಮಾಡಿ ಸರಿಪಡಿಸಿದೆ. ಇನ್ನು ಮಡ್‌ಗಾರ್ಡ್ ಕಂಬಿಯ ಕಿವಿ. ಅದೂ ಆಕ್ಸಲ್ ಮೇಲೇ ಕೂರುವುದು, ತೂತು ಚಿಕ್ಕದು. ದುಂಡನೆ ಅರದಿಂದ ಅಷ್ಟು ದೊಡ್ಡದು ಮಾಡಿದೆ.

ಮುಂಭಾಗ ಎತ್ತಿ ಹಿಡಿದು ಕೈಬಿಟ್ಟೆ. ಚಕ್ರ ಮೆಲ್ಲಗೆ ತಾನಾಗೇ ತಿರುಗಿತು. ವಾಲ್ವ್ ಕೆಳಗೆ ಬಂದು, ಎರಡು ಸಲ ಅತ್ತಿತ್ತ ತೂಗಿ ನಿಂತಿತು.